ಗಿಣಿ ಒಪ್ಪಿಸಿದ ಹೇಳಿಕೆ

ಇಟ್ಟಿಗೆ ಭಟ್ಟಿಯಲ್ಲಿ ಹಲಗೆ ಮುರಿದು ಕತ್ತೆ ಬಿತ್ತು. ಕೂಡಲೇ ಗಿಣಿ ಹಾರಿ ಬಂದು ಕೇಳಿತು: "ಏನಾಯಿತು? ಕೆಲಸದಲ್ಲಿ ಗಾಯಗೊಂಡವರಿಗೆ ಬದುಕಿರುವವರೆಗೂ ಮೇವು ಕೊಡಬೇಕೆಂದು ಕಾನೂನಿದೆ. ನೀನು ಹೇಳಿದ್ದನ್ನು ಹೇಳಿದ ಹಾಗೇ ನ್ಯಾಯ ತೀರ್ಮಾನಿಸುವ ಆನೆಯ ಮುಂದೆ ಒಪ್ಪಿಸುವುದು ನನ್ನ ಕೆಲಸ."

ಗೋಡೆಯ ಮೇಲಿದ್ದ ಕಾಗೆ ಕೂಗಿತು: "ಹಲಗೆಗೆ ಗೆದ್ದಲು ಹಿಡಿದಿತ್ತು ಅಂತ ಹೇಳು. ಎರಡರಷ್ಟು ಹೊರೆ ಹೇರಿದ್ದರು ಅಂತಲೂ ಹೇಳು. ಮೊದಲು ಆ ಕಾಲು ತೋರಿಸು!"

ಕತ್ತೆಗೆ ನೋವಿಗಿಂತ ನಾಚಿಕೆಯೇ ಹೆಚ್ಚಾಗಿತ್ತು, ಎಲ್ಲರೂ ನೋಡುತ್ತಿದ್ದರು. ಎದ್ದು ಮೈಕೊಡವಿ, "ಅಯ್ಯೋ, ಏನೂ ಆಗಿಲ್ಲ ಬಿಡಿ" ಎಂದು ಕುಂಟುತ್ತಲೇ ಇಟ್ಟಿಗೆ ಹೊರಲು ಹೋಯಿತು.

ತಿಂಗಳಾಗುವಷ್ಟರಲ್ಲಿ ಕಾಲು ಕೊಳೆಯಿತು. ಯಜಮಾನ ಅದನ್ನು ಭಟ್ಟಿಯಿಂದ ಹೊರಗಟ್ಟಿದ. ಅಷ್ಟು ಹೊತ್ತಿಗೆ ಕಾಗೆ ಬೇರೆ ಊರಿಗೆ ಹಾರಿತ್ತು, ಮುರಿದ ಹಲಗೆ ಅದೇ ಭಟ್ಟಿಯಲ್ಲಿ ಉರಿದು ಬೂದಿಯಾಗಿತ್ತು. ಕತ್ತೆ ಮೂರೇ ಕಾಲಲ್ಲಿ ಆನೆಯ ಬಳಿ ಹೋಗಿ, ಗೆದ್ದಲು, ಹೊರೆ, ನೋವು ಎಲ್ಲವನ್ನೂ ಹೇಳಿಕೊಂಡು ಅತ್ತಿತು.

ಆನೆಗೂ ಕನಿಕರವಾಯಿತು. "ಬಿದ್ದ ದಿನ ಇದು ಏನು ಹೇಳಿತ್ತು?" ಎಂದು ಗಿಣಿಯನ್ನು ಕೇಳಿತು.

ಗಿಣಿ ತಲೆತಗ್ಗಿಸಿ, ಕತ್ತೆಯದೇ ದನಿಯಲ್ಲಿ ಒಪ್ಪಿಸಿತು: "ಅಯ್ಯೋ, ಏನೂ ಆಗಿಲ್ಲ ಬಿಡಿ."