ಲೂರ್ದಮ್ಮ ಕೇಳಿದ ಫೋಟೋ

“ಗುರುಗಳೇ, ಓದಿ ಹೇಳುವವರು ಪಕ್ಕದಲ್ಲೇ ಇರುವಾಗ ಕಣ್ಣು ಕಾಣದವರಿಗೆಂದು ಬೇರೆ ಏರ್ಪಾಡು ಯಾಕೆ?” ಎಂದು ಪಾದ್ರಿಯಾಗಲು ಗುರುಮಠದಲ್ಲಿ ಓದುತ್ತಿದ್ದ ವಿದ್ಯಾರ್ಥಿಯೊಬ್ಬ ಕೇಳಿದ.

ಗುರುಗಳು ಹೇಳಿದರು:

ಒಂದು ಊರಿನ ಕಥೋಲಿಕ ಕ್ರೈಸ್ತರು ತಮ್ಮ ಚರ್ಚಿಗೊಂದು ಜಾಲತಾಣ ಬೇಕೆಂದು ತೀರ್ಮಾನಿಸಿದರು. ಕೆಲಸ ರೆಜಿನಾ ಎಂಬ ಹೆಣ್ಣುಮಗಳ ಪಾಲಿಗೆ ಬಂತು. ಜಾಲತಾಣ ಎಲ್ಲರ ಕೈಗೂ ಎಟುಕಬೇಕಾದರೆ ಪಾಲಿಸಬೇಕಾದ ನಿಯಮಗಳಿವೆ. ಅವಳು ಒಂದನ್ನೂ ಬಿಡಲಿಲ್ಲ. ಪ್ರತಿ ಫೋಟೋದ ಜೊತೆ ಅದರಲ್ಲಿ ಏನಿದೆಯೆಂದು ಬರೆದಳು. ಕಣ್ಣು ಕಾಣದವರ ಫೋನು ಅದನ್ನು ಓದಿ ಹೇಳುತ್ತದೆ.

ಚರ್ಚಿನ ಆಡಳಿತ ನೋಡುವ ಪಾಲನಾ ಸಮಿತಿಯವರಿಗೆ ಅದು ಸಪ್ಪೆ ಎನಿಸಿತು. ಪಕ್ಕದ ಊರಿನ ಚರ್ಚಿನವರು ಪೂಜೆಯ ವೇಳೆ, ಪ್ರಕಟಣೆ ಎಲ್ಲವನ್ನೂ ಬಣ್ಣದ ಚಿತ್ರ ಮಾಡಿ ಹಾಕಿದ್ದರು. ಇವರು ನಮಗೂ ಹಾಗೇ ಬೇಕೆಂದರು. ಚಿತ್ರದೊಳಗಿನ ಅಕ್ಷರವನ್ನು ಫೋನು ಸರಿಯಾಗಿ ಓದುವುದಿಲ್ಲ ಎಂದು ರೆಜಿನಾ ಹೇಳಿದಳು. ನಮ್ಮಲ್ಲಿ ಕಣ್ಣು ಕಾಣದವರು ಲೂರ್ದಮ್ಮ ಒಬ್ಬರೇ, ಅವರಿಗೆ ಗಂಡ ಓದಿ ಹೇಳುತ್ತಾರಲ್ಲ ಎಂದು ಸಮಿತಿಯವರು ಅಂದರು. ಆ ಗಂಡ ಇನ್ನಾಸಪ್ಪ ಅಲ್ಲೇ ಕುಳಿತಿದ್ದ. ಹೆಮ್ಮೆಯಿಂದ ತಲೆಯಾಡಿಸಿದ.

ಲೂರ್ದಮ್ಮನನ್ನೇ ಕೇಳಿಬಿಡೋಣವೆಂದು ರೆಜಿನಾ ಆ ದಂಪತಿಯ ಮನೆಗೆ ಹೋಗಿ, ಇನ್ನಾಸಪ್ಪನ ಎದುರಲ್ಲೇ ಫೋನಿನಲ್ಲಿ ಜಾಲತಾಣ ತೆರೆದುಕೊಟ್ಟಳು. ಲೂರ್ದಮ್ಮ ಬೆರಳಾಡಿಸಿದಳು. ಫೋನು ಭಾನುವಾರದ ಪೂಜೆಯ ವೇಳೆ ಹೇಳಿತು. ಆಮೇಲೆ ಹಬ್ಬದ ಊಟದ ಫೋಟೋ ಬಂತು. “ಪಂಕ್ತಿಯ ಕೊನೆಯಲ್ಲಿ ಇನ್ನಾಸಪ್ಪನವರು ಕುಳಿತಿದ್ದಾರೆ. ಅವರ ಎಲೆಯ ತುಂಬ ಜಿಲೇಬಿ” ಎಂದಿತು ಫೋನು.

ಇನ್ನಾಸಪ್ಪನಿಗೆ ಸಕ್ಕರೆ ಕಾಯಿಲೆ ಇತ್ತು. ಅದೇ ಫೋಟೋ ನೋಡಿ ಹಿಂದಿನ ದಿನ ಹೆಂಡತಿಗೆ, ಜನ ಊಟ ಮಾಡುತ್ತಿದ್ದಾರೆ ಎಂದಷ್ಟೇ ಹೇಳಿದ್ದ.

ಲೂರ್ದಮ್ಮ ಅದನ್ನು ಇನ್ನೊಮ್ಮೆ ಕೇಳಿಸಿಕೊಂಡಳು. ಹೊಟ್ಟೆ ಹಿಡಿದುಕೊಂಡು ನಕ್ಕಳು. ನಗು ನಿಂತ ಮೇಲೆ ಗಂಡನಿಗೆ ಹೇಳಿದಳು: “ಮದುವೆಯಾದಾಗಿನಿಂದ ನೀವು ಹೇಳಿದ್ದನ್ನೆಲ್ಲ ಕೇಳಿದ್ದೀನಿ. ನೀವು ಹೇಳದೆ ಬಿಟ್ಟಿದ್ದನ್ನ ಇವತ್ತೇ ಕೇಳಿದ್ದು.”

ಇನ್ನಾಸಪ್ಪ ಪೆಚ್ಚಾದ. ಆಮೇಲೆ ಅವನೂ ನಕ್ಕ. ಆದರೆ ಆ ಮಾತು ಅವನ ಮನಸ್ಸಿನಿಂದ ಹೋಗಲಿಲ್ಲ. ಮುಂದಿನ ಸಭೆಯಲ್ಲಿ ಎದ್ದು ನಿಂತು, ರೆಜಿನಾ ಮಾಡಿದ್ದೇ ಇರಲಿ ಎಂದ. ಸಮಿತಿಯವರು ಮುಖ ಮುಖ ನೋಡಿಕೊಂಡರು. ಅವನು ಜಿಲೇಬಿಯ ವಿಷಯವನ್ನು ಮುಚ್ಚಿಡದೆ ಹೇಳಿದ. ಎಲ್ಲರೂ ನಕ್ಕು ಒಪ್ಪಿದರು.

ಕೆಲವು ವಾರಗಳಾದ ಮೇಲೆ, ಗಾನವೃಂದಕ್ಕೆ ಹಾಡುವವರು ಬೇಕು ಎಂಬ ಪ್ರಕಟಣೆಯನ್ನು ಲೂರ್ದಮ್ಮ ಫೋನಿನಲ್ಲಿ ಕೇಳಿದಳು. ಹೋಗಿ ಸೇರಿಕೊಂಡಳು. ಅವಳ ದನಿಗೆ ಚರ್ಚೇ ತಿರುಗಿ ನೋಡಿತು. ಅಂಥ ಪ್ರಕಟಣೆ ವರ್ಷಾವರ್ಷ ನೋಟಿಸ್ ಬೋರ್ಡಿನಲ್ಲಿ ಇರುತ್ತಿತ್ತು. ಇದು ಇವಳಿಗೇಕೆ ಎಂದುಕೊಂಡು ಇನ್ನಾಸಪ್ಪ ಅವಳಿಗೆ ಓದಿ ಹೇಳಿರಲಿಲ್ಲ.

ಗುರುಗಳು ಕತೆ ನಿಲ್ಲಿಸಿದರು. ವಿದ್ಯಾರ್ಥಿ ನಗುತ್ತಾ, “ಹಾಗಾದರೆ ಪಾಪ, ಗಂಡನ ಓದುವ ಕೆಲಸ ಹೋಯಿತು” ಎಂದ.

“ಈಗಲೂ ಅವನು ಓದಿ ಹೇಳುತ್ತಾನೆ,” ಎಂದರು ಗುರುಗಳು, “ಆದರೆ ಈಗ ಬೇಕಿಲ್ಲದಾಗ ಅವಳು ಬೇಡ ಎನ್ನಬಹುದು.”