ಹಲಗೆಯ ಆಚೆ ತುದಿ

"ಅಪ್ಪಾರ, ಧ್ಯಾನಕ್ಕ ಅಡ್ಡಿ ಆಗಬಾರದಂತ ಮಠದ ಕೆಲಸ ಒಂದೊಂದ ಬಿಟ್ಟೆ. ಕಸ ಹೊಡಿಯೂದು ಬಿಟ್ಟೆ, ನೀರು ತರೂದು ಬಿಟ್ಟೆ. ಈಗ ಇಡೀ ದಿನ ನನಗ ಸಿಗತೈತಿ. ಆದ್ರೂ ದಣಿವು ಹೋಗವಲ್ದು. ಇನ್ನ ಏನು ಬಿಡಬೇಕ್ರಿ?" ಎಂದು ಮುರಿಗೆಪ್ಪ ಗುರುಗಳನ್ನು ಕೇಳಿದ.

ಅವತ್ತು ಗುರುಗಳೂ ದಣಿದಿದ್ದರು. ಇಂಥ ಪ್ರಶ್ನೆಗಳನ್ನು ಕೇಳಿ ಕೇಳಿ ಅವರಿಗೆ ಸಾಕಾಗಿತ್ತು. ಕಂಬಕ್ಕೆ ಒರಗಿ ಕುಳಿತು, ಉತ್ತರದ ಬದಲು ಒಂದು ಕತೆ ಹೇಳಿದರು.

ಒಬ್ಬ ಬಡಿಗನಿದ್ದ. ಕೈಯಲ್ಲಿ ಕಸುಬಿತ್ತು, ಕಾಲಿಡಲು ಜಾಗವಿರಲಿಲ್ಲ. ಮನೆಯ ಮುಂದಿನ ಒಂದೇ ಕೋಣೆಯಲ್ಲಿ ಗರಗಸದ ಮಷೀನು, ಹಲಗೆ ನುಣುಪು ಮಾಡುವ ರಂದಾ ಮಷೀನು, ತೂತು ಕೊರೆಯುವ ಮಷೀನು, ಎಲ್ಲವೂ ತುಂಬಿಕೊಂಡಿದ್ದವು. ಒಂದು ಬಾಗಿಲು ಮಾಡಿ ಮುಗಿಸಿದರೆ ನಿಲ್ಲಿಸಲು ಜಾಗವಿಲ್ಲ. ಬೀದಿಯಲ್ಲಿಟ್ಟರೆ ಬಿಸಿಲಿಗೆ ಸೊಟ್ಟಗಾಗುತ್ತಿತ್ತು. ದೊಡ್ಡ ಕೆಲಸ ತಂದವರನ್ನು ಕೈಮುಗಿದು ವಾಪಸು ಕಳಿಸುತ್ತಿದ್ದ.

ಹಾಸಿಗೆ ಇದ್ದಷ್ಟು ಕಾಲು ಚಾಚು ಎನ್ನುತ್ತಾರೆ. ಈ ಪುಣ್ಯಾತ್ಮ ಕಾಲನ್ನೇ ಮಡಚುವ ಉಪಾಯ ಹುಡುಕಿದ. ಗರಗಸದ ಮಷೀನಿಗೆ ಗಾಲಿ ಹಾಕಿಸಿ, ಕೆಲಸವಿಲ್ಲದಾಗ ಮೂಲೆಗೆ ತಳ್ಳಿದ. ತೂತು ಕೊರೆಯುವುದನ್ನು ಗೋಡೆಗೆ ಕೂರಿಸಿದ. ಎರಡು ಮೋಟಾರಿನ ಬದಲು ಒಂದೇ ಇಟ್ಟು, ಬೆಲ್ಟು ಬದಲಿಸಿ ಬದಲಿಸಿ ಗರಗಸ, ರಂದಾ ಎರಡನ್ನೂ ಓಡಿಸಿದ. ಇವೆಲ್ಲ ಒಳ್ಳೆಯ ಉಪಾಯಗಳೇ, ತಪ್ಪು ಹುಡುಕುವಂತಿಲ್ಲ.

ಆಮೇಲೆ ಅವನ ಕಣ್ಣು ರಂದಾ ಮಷೀನಿನ ಮೇಲೆ ಬಿತ್ತು. ಅದರ ಆಚೆ ಬದಿಗೆ ಉದ್ದನೆಯ ಕಬ್ಬಿಣದ ಮೇಜಿತ್ತು. ನುಣುಪಾಗಿ ಹೊರಬಂದ ಹಲಗೆ ಅದರ ಮೇಲೆ ಮೈಚಾಚುತ್ತಿತ್ತು. ಈ ಮೇಜು ಸುಮ್ಮನೆ ಬಿದ್ದುಕೊಂಡಿರುವುದು ಬಿಟ್ಟರೆ ಬೇರೇನೂ ಮಾಡುವುದಿಲ್ಲವಲ್ಲ ಎಂದು ಬಡಿಗನಿಗೆ ತೋರಿತು. ಕತ್ತರಿಸಿ ಹಾಕಿಸಿದ. ಮಾಡಿಟ್ಟ ಬಾಗಿಲುಗಳು ನಿಲ್ಲುವಷ್ಟು ಜಾಗವಾಯಿತು.

ಆದರೆ ಹೊರಬಂದ ಹಲಗೆಗೆ ಈಗ ಆಸರೆಯಿಲ್ಲ. ಆಚೆ ತುದಿ ಜೋತುಬಿದ್ದರೆ ಒಳಗಿದ್ದ ತುದಿ ಮೇಲೆದ್ದು, ಬ್ಲೇಡಿಗೆ ಸಿಕ್ಕು ಹಲಗೆಯಲ್ಲಿ ತಗ್ಗು ಬೀಳುತ್ತಿತ್ತು. ಬಡಿಗ ಹೆಂಡತಿಯನ್ನು ಕರೆದ. "ಇಷ್ಟ ಹಿಡಕೋ ಬಾ. ಒಂದ ಹಲಗಿ."

ಒಂದು ಹಲಗೆ ಹೋಗಿ ದಿನದ ಹಲಗೆಗಳೆಲ್ಲ ಅವಳ ಪಾಲಿಗೆ ಬಂದವು. ಬಾಗಿಲುಗಳ ನಡುವೆ ಒಬ್ಬರು ನಿಲ್ಲುವಷ್ಟು ಸಂದಿ ಉಳಿದಿತ್ತು, ಅಲ್ಲಿ ನಿಂತಳು. ರೊಟ್ಟಿ ಬಡಿದು ಬಂದು ಹಲಗೆ ಹಿಡಿಯುವಳು, ಹಲಗೆ ಹಿಡಿದು ಹೋಗಿ ರೊಟ್ಟಿ ಬಡಿಯುವಳು. ದೊಡ್ಡ ದೊಡ್ಡ ಕೆಲಸಗಳು ಬಂದವು. ಬೇರೆ ಬಡಿಗರು ಕೋಣೆ ನೋಡಲು ಬಂದು, ಅಂಗೈಯಗಲ ಜಾಗದಲ್ಲಿ ಏನೆಲ್ಲ ಹೊಂದಿಸಿದ್ದೀಯಪ್ಪ ಎಂದು ಹೊಗಳಿದರು. ಅವನು ಗಾಲಿ ತೋರಿಸಿದ, ಬೆಲ್ಟು ತೋರಿಸಿದ. ಹೆಂಡತಿಯನ್ನು ಅವರೂ ನೋಡಲಿಲ್ಲ, ಅವನೂ ನೋಡಲಿಲ್ಲ. ಮಷೀನಿನ ಈಚೆಗೆ ನಿಂತವನಿಗೆ ಹಲಗೆ ಸಲೀಸಾಗಿ ಹೋಗುತ್ತಿದೆ ಎಂಬುದಷ್ಟೇ ಗೊತ್ತು. ಆದರೂ ಮನೆಯಲ್ಲಿ ಮಾತು ಕಡಿಮೆಯಾಗಿತ್ತು. ಕೆಲಸ ಹಗುರಾಯಿತು, ಮನೆ ಯಾಕೆ ಭಾರವಾಯಿತು ಎಂದು ಅವನಿಗೆ ತಿಳಿಯಲಿಲ್ಲ.

ಒಂದು ದಿನ ಯಾರದೋ ಹೊಸ ಮನೆಯ ತಲೆಬಾಗಿಲಿಗೆ ತಂದ ಸಾಗವಾನಿ ಹಲಗೆ ಮಷೀನಿನಲ್ಲಿತ್ತು. ಆಚೆ ತುದಿ ಅವಳ ಕೈಜಾರಿತು. ಬ್ಲೇಡು ಕಚ್ಚಿತು, ಹಲಗೆ ಹಾಳಾಯಿತು.

"ಕೈಯಾಗ ಜೀವ ಇಲ್ಲೇನ ನಿನಗ?" ಎಂದು ಬಡಿಗ ಕೂಗಿದ.

"ಇಲ್ರಿ," ಎಂದಳು.

ಸಿಟ್ಟಿನಿಂದ ಹೇಳಲಿಲ್ಲ. ಕೇಳಿದ್ದಕ್ಕೆ ಉತ್ತರ ಕೊಟ್ಟಳು, ಅಷ್ಟೆ. ಕೈ ಮೇಲೆತ್ತಿ ತಲೆ ಬಾಚಿಕೊಳ್ಳಲಾಗದೆ ಅವಳ ಕೂದಲು ಗಂಟುಗಟ್ಟಿತ್ತು. ಬಡಿಗ ಅದನ್ನು ಅಂದೇ ಮೊದಲು ನೋಡಿದ. ಮೋಟಾರು ನಿಲ್ಲಿಸಿದ.

ಗುರುಗಳು ಕತೆ ಅಲ್ಲಿಗೇ ಬಿಟ್ಟರು. ಮುರಿಗೆಪ್ಪನಿಗೆ ಆ ಬಡಿಗನ ಮೇಲೆ ವಿಪರೀತ ಸಿಟ್ಟು ಬಂದಿತ್ತು. "ಎಂಥಾ ಕುರುಡ್ರಿ ಅವ!" ಎಂದ.

"ಹೌದಪಾ," ಎಂದರು ಗುರುಗಳು. "ಇವತ್ತ ನೀ ಉಂಡ ಗಂಗಾಳ ಯಾರು ತೊಳದ್ರು?"