ಚೌಕಾಬಾರವನ್ನು ಸೀರೆ ಅಂಗಡಿ ಮಾಡಿದವನು

"ಗುರುಗಳೇ, ನನ್ನನ್ನು ನಂಬದವರಿಗೆ ನಾನು ಹೇಗೆ ಕೃತಜ್ಞನಾಗಿರಲಿ?" ಎಂದು ಪರ್ವತಯ್ಯ ಕೇಳಿದ.

ಪರ್ವತಯ್ಯ ಹಿಂದೊಮ್ಮೆ ಸೊಸೈಟಿಯ ಹಣ ತಿಂದು ಜೈಲು ಕಂಡು ಬಂದವನು. ಬಿಡುಗಡೆಯಾದ ಮೇಲೆ ಹಲವು ಮಠಗಳಿಗೆ ಹೋದ. ಅವನ ಹಿಂದಿನ ಕತೆ ಕೇಳಿ ಎಲ್ಲರೂ ಕೈಮುಗಿದು ಸಾಗಹಾಕಿದರು. ಕೊನೆಗೆ ಈ ಮಠದಲ್ಲಿ ಜಾಗ ಸಿಕ್ಕಿತು. ಈಗ ಅದಕ್ಕೆ ಕೆಲವು ವರ್ಷಗಳೇ ಆಗಿವೆ. ಆದರೂ ಜೋಳಿಗೆ ಹಿಡಿದು ಊರಿಗೆ ಹೊರಟರೆ ಗುರುಗಳು ಅವನೊಬ್ಬನನ್ನೇ ಕಳಿಸುವುದಿಲ್ಲ, ಜೊತೆಗೆ ಇನ್ನೊಬ್ಬರನ್ನು ಹಾಕುತ್ತಾರೆ. ಆ ಬೆಳಿಗ್ಗೆಯೂ ಹಾಕಿದ್ದರು. ಜಾಗ ಕೊಟ್ಟದ್ದಕ್ಕೆ ಋಣಿಯಾಗಿರಬೇಕು ಎಂದು ಗೊತ್ತಿದ್ದರೂ, ಆ ಕಾವಲು ಸಹಿಸಲಾಗದೆ ಅವನು ಈ ಮಾತು ಕೇಳಿದ್ದ.

"ಕೂತ್ಕೋ," ಎಂದರು ಗುರುಗಳು. "ಒಬ್ಬ ಆಟದ ವ್ಯಾಪಾರಿಯ ಕತೆ ಹೇಳ್ತೀನಿ. ಮಠದಲ್ಲಿ ಜೂಜಿನ ಕತೆಯೇ ಅಂತ ಹುಬ್ಬು ಏರಿಸಬೇಡ. ಜೂಜು ಸರಿಯೋ ತಪ್ಪೋ ಅನ್ನೋದನ್ನ ಇನ್ನೊಂದು ದಿನ ಕೇಳು, ಅವತ್ತು ಚೆನ್ನಾಗಿ ಬೈತೀನಿ. ಇವತ್ತು ನೀನು ಕೇಳಿದ್ದು ಬೇರೆ."

ಹೀಗೆ ಹೇಳಿ ಕತೆ ಶುರು ಮಾಡಿದರು.

ಒಂದು ಊರಿನಲ್ಲಿ ಒಬ್ಬ ವ್ಯಾಪಾರಿ ಇದ್ದ. ಚೌಕಾಬಾರ ಗೊತ್ತಲ್ಲ, ನಮ್ಮ ಹೆಣ್ಣುಮಕ್ಕಳು ಜಗುಲಿಯಲ್ಲಿ ಕವಡೆ ಹಾಕಿ ಆಡುವುದು. ಅದನ್ನು ಅವನು ಮೊಬೈಲಿಗೆ ಇಳಿಸಿದ. ಜನ ಕೂತಲ್ಲೇ ಹಣ ಕಟ್ಟಿ ಆಡಬೇಕು, ಗೆದ್ದವನ ಹಣ ಅದೇ ಸಂಜೆ ಅವನ ಕೈಸೇರಬೇಕು. ಆ ಊರಿನ ಕಾನೂನು ಆಗ ಅದಕ್ಕೆ ಅಡ್ಡ ಬರುತ್ತಿರಲಿಲ್ಲ. ವ್ಯಾಪಾರಿಗೆ ಒಂದೇ ಭಯ. ಗೆದ್ದವನಿಗೆ ಒಂದು ದಿನ ಹಣ ತಪ್ಪಿದರೂ ಊರು ತನ್ನನ್ನು ಕಳ್ಳ ಎನ್ನುತ್ತದೆ. ಆ ಮಾತೊಂದು ಬರಬಾರದು ಎಂದು ಅವನು ದಿನವೂ ದೇವರಿಗೆ ಕೈಮುಗಿಯುತ್ತಿದ್ದ.

ಆಡುವವರಿಂದ ಹಣ ಬರಬೇಕಾದರೆ ಬ್ಯಾಂಕು ಬೇಕು. ಅವನು ಬ್ಯಾಂಕುಗಳಿಗೆ ಹೋದ. ಎಲ್ಲ ಕಡೆ ಕುರ್ಚಿ ಹಾಕಿ ಕೂರಿಸಿದರು, ಯಾವ ವ್ಯಾಪಾರ ಎಂದು ಕೇಳಿದರು, ಹೇಳಿದ ಕೂಡಲೇ ಎದ್ದು ನಿಂತರು. "ನಿಮ್ಮದು ಅಪಾಯದ ವ್ಯಾಪಾರ ಸ್ವಾಮಿ. ಇವತ್ತು ಹಣ ಕಟ್ಟಿದವನು ನಾಳೆ ಸೋತ ಮೇಲೆ, ನಾನು ಕಟ್ಟೇ ಇಲ್ಲ, ವಾಪಸ್ ಕೊಡಿ ಅಂತ ಬರ್ತಾನೆ. ಆಗ ಯಾರು ಕೊಡೋದು?" ಎಂದರು. ಅವರ ಮಾತಿನಲ್ಲಿ ಸುಳ್ಳೂ ಇರಲಿಲ್ಲ ಬಿಡು.

ಆಗ ಯಾರೋ ಒಬ್ಬ ಹೆಂಗಸಿನ ವಿಳಾಸ ಕೊಟ್ಟರು. ಆಡುವವನ ಬ್ಯಾಂಕಿನಿಂದ ವ್ಯಾಪಾರಿಯ ಬ್ಯಾಂಕಿಗೆ ಹಣ ದಾಟಿಸಿಕೊಡುವುದೇ ಆಕೆಯ ಉದ್ಯೋಗ. ಹೊಳೆ ದಾಟಿಸುವ ಅಂಬಿಗರಿಲ್ಲವೇ, ಹಾಗೆ. ಆಕೆ ಅವನ ಮಾತನ್ನು ಪೂರ್ತಿ ಕೇಳಿದಳು. ಆಮೇಲೆ ಹೇಳಿದಳು: "ನಿನ್ನ ಮೇಲೆ ನನಗೆ ಅಷ್ಟು ನಂಬಿಕೆ ಇಲ್ಲಪ್ಪ. ಆದರೂ ದಾಟಿಸ್ತೀನಿ. ಎರಡು ಮಾತಿಗೆ ಒಪ್ಪಬೇಕು. ಹಣ ಕಟ್ಟಿದವನ ಫೋನಿಗೆ ಬರೋ ಮೆಸೇಜಿನಲ್ಲಿ ಚೌಕಾಬಾರ ಅಂತಲೇ ಇರಬೇಕು. ಮತ್ತೆ, ಬಂದದ್ದರಲ್ಲಿ ಹತ್ತರಲ್ಲೊಂದು ಪಾಲು ಆರು ತಿಂಗಳು ನನ್ನ ಹತ್ತಿರ ಇರುತ್ತೆ. ಯಾರಾದರೂ ತಕರಾರು ತೆಗೆದರೆ ಅದರಿಂದ ಕೊಡ್ತೀನಿ. ಉಳಿದದ್ದು ನಿನ್ನದೇ."

ಬೇರೆ ದಾರಿ ಇರಲಿಲ್ಲ, ಒಪ್ಪಿದ. ವ್ಯಾಪಾರ ನಡೆಯಿತು. ನಡೆದ ಮೇಲೆ ಕಾಲು ನೆಲಕ್ಕೆ ತಾಗುತ್ತದೆಯೇ? ನನ್ನ ಹಣ ನನಗೇ ಕೊಡದೆ ಇಟ್ಟುಕೊಳ್ಳಲು ಇವಳು ಯಾರು, ನಾನೇನು ಓಡಿಹೋಗುವವನೇ, ಎಂದು ಮನಸ್ಸು ಕಹಿಯಾಯಿತು. ಆಡುವ ಗಂಡಸರೂ ಗೊಣಗುತ್ತಿದ್ದರು. ಮೆಸೇಜಿನಲ್ಲಿ ಚೌಕಾಬಾರ ಎಂದಿದ್ದರೆ ಮನೆಯಲ್ಲಿ ಹೆಂಡತಿ ನೋಡುತ್ತಾಳಂತೆ.

ಅದೇ ಹೊತ್ತಿಗೆ ಇನ್ನೊಬ್ಬ ಹಣ ದಾಟಿಸುವವನು ಬಂದ. ಬೆಣ್ಣೆಯಲ್ಲಿ ಕೂದಲು ತೆಗೆದ ಹಾಗೆ ಮಾತಾಡುವವನು. "ಅಣ್ಣಾ, ನಿಮ್ಮಂಥವರನ್ನ ನಂಬದೆ ಇನ್ಯಾರನ್ನ ನಂಬಲಿ? ನಾನು ಒಂದು ಪೈಸೆ ತಡೆಯೋದಿಲ್ಲ. ಮೆಸೇಜಿನಲ್ಲಿ ಸೀರೆ ಅಂಗಡಿ ಅಂತ ಹಾಕಿಸ್ತೀನಿ. ಬ್ಯಾಂಕಿನವರಿಗೂ ನೆಮ್ಮದಿ, ಗಂಡಸರಿಗೂ ನೆಮ್ಮದಿ," ಎಂದ. ವ್ಯಾಪಾರಿಗೆ ಹಾಲು ಕುಡಿದಷ್ಟು ಸಂತೋಷವಾಯಿತು. ಆ ಹೆಂಗಸಿನ ಹತ್ತಿರ ಜಗಳ ಆಡಿಯೇ ಬಿಟ್ಟುಬಂದ. ಅವಳ ಹತ್ತಿರ ಉಳಿದ ಪಾಲು ಹೋದಂತೆಯೇ ಎಂದು ಅದರ ಆಸೆಯನ್ನೂ ಬಿಟ್ಟ.

ಅವನ ಬುದ್ಧಿ ನೋಡು. ಹೆಂಡತಿಯ ಕಣ್ಣಿಗೆ ಬೀಳಬಾರದು ಎಂದು ಹೆಸರು ಬದಲಿಸಿದವನು, ಬದಲಿಸಿ ಇಟ್ಟದ್ದು ಸೀರೆಯ ಹೆಸರನ್ನು!

ಹಬ್ಬ ಹತ್ತಿರ ಬಂತು. ಆಟ ಜೋರಾಯಿತು. ಒಬ್ಬ ಬಸ್ ಕಂಡಕ್ಟರನ ಹೆಂಡತಿ ಗಂಡನ ಫೋನಿನಲ್ಲಿ ಮೆಸೇಜು ನೋಡಿದಳು. ಸೀರೆ ಅಂಗಡಿಗೆ ಎರಡು ಸಾವಿರ. ಮೊದಲು ಅವಳಿಗೆ ಸಂತೋಷವೇ ಆಯಿತು. ಹಬ್ಬಕ್ಕೆ ಕೊಡುತ್ತಾರೆ ಎಂದು ಸುಮ್ಮನಿದ್ದಳು. ಹಬ್ಬ ಬಂತು, ಹೋಯಿತು, ಸೀರೆ ಬರಲಿಲ್ಲ. ಆಗ ಕೇಳಿದಳು: "ನನಗಂತೂ ಬರಲಿಲ್ಲ. ಆ ಸೀರೆ ಉಟ್ಟೋಳು ಯಾರು ಹೇಳ್ರೀ?"

ಗಂಡನಿಗೆ ಅತ್ತ ದರಿ, ಇತ್ತ ಪುಲಿ. ಜೂಜು ಎಂದರೂ ಕಷ್ಟ, ಸೀರೆ ಎಂದರೆ ಇನ್ನೂ ಕಷ್ಟ. "ನನಗೇನೂ ಗೊತ್ತಿಲ್ಲ ಕಣೇ, ಯಾರೋ ಮೋಸ ಮಾಡಿ ಹಣ ಹೊಡೆದಿದ್ದಾರೆ," ಎಂದುಬಿಟ್ಟ. ಅವಳು ಅಷ್ಟಕ್ಕೆ ಬಿಡುವವಳೇ? ಅವನ ಕೈ ಹಿಡಿದು ಬ್ಯಾಂಕಿಗೆ ಎಳೆದುಕೊಂಡು ಹೋದಳು. ಬ್ಯಾಂಕಿನವರು ಹಣ ದಾಟಿಸಿದವನನ್ನು ಸೀರೆ ಕೊಟ್ಟದ್ದಕ್ಕೆ ರಸೀದಿ ಕೇಳಿದರು. ಇಲ್ಲದ ಸೀರೆಗೆ ರಸೀದಿ ಎಲ್ಲಿಂದ ಬರಬೇಕು? ಹಣ ಅವಳಿಗೆ ವಾಪಸ್ಸಾಯಿತು. ಅವಳು ಬೀದಿಯಲ್ಲಿ ಹೇಳಿದಳು. ಬೀದಿಯ ಹೆಂಗಸರೆಲ್ಲ ಗಂಡಂದಿರ ಫೋನು ತೆಗೆದು ನೋಡಿದರು. ಮನೆಮನೆಯಲ್ಲೂ ಬಾರದ ಸೀರೆ. ಎಲ್ಲರೂ ಬ್ಯಾಂಕಿಗೆ ನಡೆದರು.

ಸೀರೆ ಅಂಗಡಿಯ ಹೆಸರಿನಲ್ಲಿ ಹಣ ದಾಟುತ್ತಿದ್ದ ಆ ದಾರಿಯನ್ನೇ ಬ್ಯಾಂಕು ಮುಚ್ಚಿತು. ಅದರಲ್ಲಿದ್ದ ಹಣವೆಲ್ಲ ಅಲ್ಲಲ್ಲೇ ನಿಂತಿತು. ನಂಬಿದ್ದೇನೆ ಎಂದಿದ್ದವನ ಫೋನು ಸ್ವಿಚ್ ಆಫ್ ಆಯಿತು. ಇತ್ತ ಹಬ್ಬದ ಆಟದಲ್ಲಿ ಗೆದ್ದವರು ವ್ಯಾಪಾರಿಯ ಮನೆ ಮುಂದೆ ಬಂದು ನಿಂತರು. ಇವತ್ತು ಸಂಜೆಯೊಳಗೆ ಕೊಡದಿದ್ದರೆ ಕಳ್ಳ ಎನ್ನಿಸಿಕೊಳ್ಳುವುದು ಖಂಡಿತ. ಅವನು ಒಳಗೆ ತಲೆ ಮೇಲೆ ಕೈಹೊತ್ತು ಕೂತಿದ್ದ.

ಆಗ ಆ ಹೆಂಗಸಿನ ಫೋನು ಬಂತು. "ಎಲ್ಲಿದ್ದೀಯಪ್ಪ? ಆರು ತಿಂಗಳು ಆಯ್ತು. ನಿನ್ನ ಪಾಲು ನನ್ನ ಹತ್ತಿರ ಹಾಗೇ ಇದೆ. ಒಬ್ಬರೂ ತಕರಾರು ತೆಗೀಲಿಲ್ಲ. ಯಾಕೆ ತೆಗೀತಾರೆ, ಯಾವುದಕ್ಕೆ ಕಟ್ಟಿದೆವು ಅಂತ ಅವರ ಕಣ್ಣೆದುರಿಗೇ ಬರೆದಿತ್ತಲ್ಲ. ಈಗಲೇ ಕಳಿಸ್ತಾ ಇದ್ದೀನಿ, ನೋಡ್ಕೋ," ಎಂದಳು.

ಸಂಜೆಯೊಳಗೆ ಗೆದ್ದವರೆಲ್ಲರಿಗೂ ಹಣ ಸಂದಾಯವಾಯಿತು. ಅವನ ಕೈಯಲ್ಲಿ ಏನೂ ಉಳಿಯಲಿಲ್ಲ. ಆದರೆ ಯಾರ ಬಾಯಲ್ಲೂ ಕಳ್ಳ ಎಂಬ ಮಾತು ಬರಲಿಲ್ಲ. ಮರುದಿನ ಅವನು ಹಣ್ಣು ಹೂವು ಹಿಡಿದು ಅವಳ ಮನೆಗೆ ಹೋದ. ತಟ್ಟೆ ಇಟ್ಟು ಕಾಲು ಮುಟ್ಟಲು ಬಗ್ಗಿದ.

ಅವಳು ಕಾಲು ಹಿಂದಕ್ಕೆ ಎಳೆದುಕೊಂಡಳು. "ಏಳಪ್ಪ, ಸಾಕು. ನಾನೇನು ಉಪಕಾರ ಮಾಡಿದೆ? ನಿನ್ನ ಮೇಲೆ ಅನುಮಾನ ಇತ್ತು, ಅದಕ್ಕೇ ತಡೆದಿಟ್ಟೆ. ಅನುಮಾನಕ್ಕೆ ಯಾರಾದರೂ ಹಣ್ಣು ಹೂವು ತರ್ತಾರೇನು?"

"ತರಬೇಕು ಅಕ್ಕ," ಎಂದ ವ್ಯಾಪಾರಿ. "ನಂಬಿದ್ದೀನಿ ಅಂದವನು ಕೈಬಿಟ್ಟ. ನಂಬಿಕೆ ಇಲ್ಲ ಅಂದ ನೀವು ಕೈಹಿಡಿದಿರಿ. ನಾನು ಇರೋ ತನಕ ಇದನ್ನ ಮರೆಯೋದಿಲ್ಲ."

ಗುರುಗಳು ಅಲ್ಲಿಗೆ ನಿಲ್ಲಿಸಿ ನೀರು ಕುಡಿದರು. ಪರ್ವತಯ್ಯ ಖಾಲಿ ಲೋಟ ತೆಗೆದು ಪಕ್ಕಕ್ಕಿಟ್ಟ. ಆಮೇಲೆ ಮೆಲ್ಲಗೆ ಕೇಳಿದ: "ಹಾಗಾದರೆ ನಿಮಗೂ ನನ್ನ ಮೇಲೆ ಅನುಮಾನ ಇದೆ, ಅಲ್ಲವೇ ಗುರುಗಳೇ?"

"ಇದೆ ಪರ್ವತಯ್ಯ, ನೀನು ಬಂದ ದಿನ ಇದಕ್ಕಿಂತ ಹೆಚ್ಚಿತ್ತು, ಆದರೂ ಬಾಗಿಲು ತೆಗೆದೆ."